ಬಾವಿಕಟ್ಟಿ ಓಣಿಯ ಹೆಪ್ಪು

ಹಾಲು ಹೆಪ್ಪುಗಟ್ಟಿ ಮೊಸರಾಗುವ ಹಾಗೆ ಮನಸ್ಸೂ ಒಂದು ಕಡೆ ಹೆಪ್ಪುಗಟ್ಟಿ ಕೂರುವಂತಿದ್ದರೆ? ಸಂಜೆ ಒಂದು ಚಮಚ ಹಾಕಿ ಮುಚ್ಚಿಟ್ಟರೆ, ಬೆಳಗಾಗುವಷ್ಟರಲ್ಲಿ ಗಮನ ಗಟ್ಟಿಯಾಗಿರುತ್ತದೆ ಎನ್ನುವುದಾದರೆ?

ಡಾ. ಕುಮುದಾ ಕಬ್ಬೂರ ಈ ಪ್ರಶ್ನೆಯನ್ನು ಮೊದಲ ಸಲ ಕೇಳಿದಾಗ ಅವಳ ಮೇಲಧಿಕಾರಿ ಪ್ರೊಫೆಸರ್ ಗಲಗಲಿಯವರು ಮೊಬೈಲಿನಿಂದ ತಲೆಯೆತ್ತದೆ, "ಹೂಂ, ಛಲೋ ಅದ, ಮಾಡ್ರಿ" ಎಂದಿದ್ದರು. ಅವರು ಪ್ರಶ್ನೆಯನ್ನು ಕೇಳಿಸಿಕೊಂಡೇ ಇರಲಿಲ್ಲ ಎಂದು ಅವಳಿಗೆ ತಿಳಿದದ್ದು ಅನುದಾನ ಮಂಜೂರಾದ ಮೇಲೆ. ಹೀಗೆ ಗಮನದ ಕುರಿತ ಸಂಶೋಧನೆಯೊಂದು ಗಮನವಿಲ್ಲದೆಯೇ ಹುಟ್ಟಿತು.

ಧಾರವಾಡದ ಆ ಸಂಸ್ಥೆಯ ಪೂರ್ತಿ ಹೆಸರು ಉದರ-ಮನೋವಿಜ್ಞಾನ ಸಂಶೋಧನ ಕೇಂದ್ರ. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ನಿಲ್ದಾಣ ದಾಟಿಹೋಗುತ್ತದೆಂದು ಆಟೋದವರು 'ಹೊಟ್ಟಿ ಆಫೀಸ' ಎಂದು ಮೊಟಕು ಮಾಡಿಕೊಂಡಿದ್ದರು. ಕುಮುದಾಳ ಕೆಲಸವೂ ಅಷ್ಟೇ ಸರಳವಾಗಿ ಹೇಳಬಹುದಾದದ್ದು. ನಮ್ಮ ಕರುಳಿನಲ್ಲಿ ಲಕ್ಷಕೋಟಿ ಬ್ಯಾಕ್ಟೀರಿಯಾಗಳು ಬಾಡಿಗೆ ಕೊಡದೆ ವಾಸವಾಗಿವೆ. ಅವು ಉಂಡು, ತೇಗಿ, ಬಿಡುವ ರಾಸಾಯನಿಕಗಳಲ್ಲಿ ಕೆಲವು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಸುದ್ದಿ ಹೋಗುವ ದಾರಿಯ ಹೆಸರು ವೇಗಸ್ ನರ. ಹೆಸರು ಕೇಳಿದರೆ ವೇಗದೂತನಂತಿದ್ದರೂ ಲ್ಯಾಟಿನ್ನಿನಲ್ಲಿ ವೇಗಸ್ ಎಂದರೆ ಅಲೆಮಾರಿ. ಅಲೆಮಾರಿ ಮನಸ್ಸಿಗೆ ಅಲೆಮಾರಿ ನರ. ಒಂದೆಡೆ ಗಮನ ನಿಲ್ಲದೆ ಕಷ್ಟಪಡುವ ಹುಡುಗ ಹುಡುಗಿಯರ ಕರುಳಿನಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ತೀರ ಕಡಿಮೆ ಇರುವುದನ್ನು ಕುಮುದಾ ಕಂಡುಕೊಂಡಿದ್ದಳು. ಅದು ಸಾಧು ಪ್ರಾಣಿ, ಹಾಲಿನಲ್ಲಿ ಸುಖವಾಗಿ ಬೆಳೆಯುವಂಥದ್ದು. ಕೆ-೧೭ ಎಂದು ಹೆಸರಿಟ್ಟು, ಮೊಸರಿನ ಮೂಲಕವೇ ಅದನ್ನು ಹೊಟ್ಟೆಗೆ ಕಳಿಸುವುದು ಅವಳ ಯೋಜನೆ. ಇದರಿಂದ ಎಲ್ಲವೂ ಸರಿಹೋಗುತ್ತದೆಂದು ಅವಳು ಎಂದೂ ಹೇಳಿರಲಿಲ್ಲ. ವೈದ್ಯರ ಔಷಧಿ, ಅಭ್ಯಾಸಗಳ ಜೊತೆಗೆ ಇದೂ ಒಂದು ಕೈ ಹಿಡಿಯಬಹುದು ಎಂದಷ್ಟೇ.

ಪ್ರಯೋಗಕ್ಕೆ ನಲವತ್ತು ಹರೆಯದವರು ಬೇಕಾಗಿದ್ದರು. ಸಂಸ್ಥೆಯ ಜೀಪಿನ ಡ್ರೈವರ್ ಮಡಿವಾಳಪ್ಪನ ಮನೆ ಬಾವಿಕಟ್ಟಿ ಓಣಿಯಲ್ಲಿತ್ತು. ಅಲ್ಲಿಯೇ, ಅದರ ಅಕ್ಕಪಕ್ಕದಲ್ಲೇ ನಲವತ್ತೂ ಜನರನ್ನು ಹುಡುಕಿಕೊಂಡರೆ ಡೀಸೆಲ್ ಉಳಿಯುತ್ತದೆಂದು ಗಲಗಲಿಯವರು ತೀರ್ಮಾನಿಸಿದರು. ತಿಂಗಳಿಗೊಮ್ಮೆ ಪ್ರತಿ ಮನೆಗೂ ಒಂದು ಪುಟ್ಟ ಬಾಟಲಿ. ಅರ್ಧದಷ್ಟು ಮನೆಗೆ ಕೆಂಪು ಮುಚ್ಚಳದ್ದು, ಅರ್ಧದಷ್ಟಕ್ಕೆ ನೀಲಿ ಮುಚ್ಚಳದ್ದು. ಒಂದರಲ್ಲಿ ಕೆ-೧೭ ಇದೆ, ಇನ್ನೊಂದರಲ್ಲಿ ಸಾದಾ ಮೊಸರಿನ ಬ್ಯಾಕ್ಟೀರಿಯಾ ಮಾತ್ರ. ಯಾವುದರಲ್ಲಿ ಯಾವುದೆಂದು ಧಾರವಾಡದಲ್ಲಿ ಯಾರಿಗೂ ಗೊತ್ತಿಲ್ಲ. ಆ ಗುಟ್ಟು ಬೆಂಗಳೂರಿನ ಪರಿಶೀಲನಾ ಸಮಿತಿಯ ಬಳಿ. ಬಾಟಲಿಯದನ್ನು ಹಾಲಿಗೆ ಹಾಕಿ ಮನೆಯಲ್ಲೇ ಮೊಸರು ಮಾಡಿಕೊಳ್ಳಬೇಕು, ದಿನಾ ಉಣ್ಣಬೇಕು. ಒಂದೇ ನಿಯಮ: ಈ ಮೊಸರನ್ನು ಯಾರಿಗೂ ಕೊಡಬಾರದು, ಬೇರೆ ಮನೆಯ ಮೊಸರನ್ನು ಉಣ್ಣಬಾರದು. ಎಲ್ಲರೂ ದೇವರ ಮೇಲೆ ಆಣೆಯಿಟ್ಟು ಒಪ್ಪಿದರು.

ನಲವತ್ತು ಜನರಲ್ಲಿ ಕುಮುದಾಳ ಕಣ್ಣಿಗೆ ಮೊದಲು ಬಿದ್ದವನು, ಕಿವಿಗೂ ಮೊದಲು ಬಿದ್ದವನು, ಶಿವಯೋಗಿ ಹೂಗಾರ. ವಯಸ್ಸು ಹದಿನೆಂಟು. ಎಲ್ಲರೂ ಯೋಗಿ ಎಂದು ಕರೆಯುತ್ತಿದ್ದರು, ಯೋಗಿಯ ಲಕ್ಷಣ ಒಂದೂ ಇರಲಿಲ್ಲ. ಅವನನ್ನು ಒಂದು ಕಡೆ ಕೂರಿಸುವುದು ಬಿಸಿ ಹಂಚಿನ ಮೇಲೆ ನೀರಿನ ಹನಿಯನ್ನು ಕೂರಿಸಿದಷ್ಟೇ ಸುಲಭ. ಪಿಯುಸಿ ಪರೀಕ್ಷೆಯಲ್ಲಿ ಎರಡು ಸಲವೂ ಅವನ ಪೆನ್ನು ಮೂರನೇ ಪ್ರಶ್ನೆಯ ಹತ್ತಿರ ಇದ್ದಾಗ ಮನಸ್ಸು ಕಿಟಕಿಯಾಚೆಯ ಅಳಿಲಿನ ಬೆನ್ನು ಹತ್ತಿ ಹೋಗಿತ್ತು. ಒಂದು ವಿದ್ಯೆ ಮಾತ್ರ ಹುಟ್ಟಿನಿಂದಲೇ ಬಂದಿತ್ತು. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಹಾಗೇ ಒಪ್ಪಿಸುತ್ತಿದ್ದ. ಅದೂ ಎರಡು ಮಾತಿನ ಮಟ್ಟಿಗೆ. ಮೂರನೆಯ ಮಾತಿಗೆ ಬೇರೆಯವರ ದನಿ, ನಾಲ್ಕನೆಯದಕ್ಕೆ ಕುಕ್ಕರಿನ ಸೀಟಿ.

ಮೊದಲ ದಿನ ತಲೆಗೆ ಮಿದುಳಿನ ಅಲೆ ಅಳೆಯುವ ಪಟ್ಟಿ ಕಟ್ಟಿ, ಪರದೆಯ ಮೇಲೆ ಬೆಳ್ಳಕ್ಕಿಗಳ ಹಿಂಡು ಹಾರಿಸಿ, ನಡುವೆ ಕಾಗೆ ಬಂದಾಗ ಗುಂಡಿ ಒತ್ತಬೇಕೆಂದು ಕುಮುದಾ ಹೇಳಿದಳು.

"ಅಂದ್ರ ಏನಪಾ ಅಂದ್ರ," ಎಂದು ಯೋಗಿ ಥೇಟ್ ಅವಳದೇ ದನಿಯಲ್ಲಿ ಶುರು ಮಾಡಿದ, "ಕಾಗಿ ಬರೂ ಹೊತ್ತಿಗೆ ನಾನು ಫ್ಯಾನ್ ನೋಡಾಕತ್ತಿರ್ತೀನಿ." ತಾನು ಪ್ರತಿ ವಾಕ್ಯಕ್ಕೂ ಆ ಮಾತನ್ನು ಮುನ್ನುಡಿಯಾಗಿ ಬಳಸುತ್ತೇನೆಂದು ಕುಮುದಾಳಿಗೆ ತಿಳಿದದ್ದೇ ಅಂದು.

ಬಾಟಲಿ ಕೈಗೆ ಕೊಟ್ಟಾಗ ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ. "ಎಲ್ಲಾರೂ ತಲ್ಯಾಗ ಹುಳ ಬಿಡ್ತಾರ್ರಿ ಅಕ್ಕಾರ. ನೀವೊಬ್ಬರ ನೋಡ್ರಿ ಹೊಟ್ಯಾಗ ಬಿಡಾವ್ರು."

ಅವನ ಬಾಟಲಿಯ ಮುಚ್ಚಳ ನೀಲಿ.

*

ಪ್ರತಿ ಸೋಮವಾರ ಮುಂಜಾನೆ ಕುಮುದಾ ಮಡಿವಾಳಪ್ಪನ ಜೀಪಿನಲ್ಲಿ ಬಾವಿಕಟ್ಟಿ ಓಣಿಗೆ ಬಂದು ಮಾದರಿಯ ಡಬ್ಬಿಗಳನ್ನು ಒಟ್ಟುಮಾಡುತ್ತಿದ್ದಳು. ಡಬ್ಬಿಯೊಳಗೆ ಏನಿರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಕರುಳಿನ ಸಮಾಚಾರ ತಿಳಿಯಲು ಬೇರೆ ದಾರಿಯಿಲ್ಲ. ಬಾಟಲಿಯ ಗುಟ್ಟು ಒಡೆಯಬಾರದೆಂದು ಡಬ್ಬಿಗಳನ್ನು ಪ್ರಯೋಗ ಮುಗಿಯುವ ತನಕ ಶೋಧಿಸದೆ ಶೀತಪೆಟ್ಟಿಗೆಯಲ್ಲಿ ಇಡಲಾಗುತ್ತಿತ್ತು. ಓಣಿಯವರು ಮೊದಮೊದಲು ನಾಚಿ, ಅದನ್ನು ಸೆರಗಿನಲ್ಲಿ ಮುಚ್ಚಿ ತಂದುಕೊಡುತ್ತಿದ್ದರು. ಆಮೇಲೆ ಹಾಲಿನವನಿಗೆ ಪಾತ್ರೆ ಕೊಟ್ಟ ಹಾಗೆ ಕಟ್ಟೆಯ ಮೇಲಿಟ್ಟು ಒಳಗೆ ಹೋಗತೊಡಗಿದರು.

ಮೂರು ತಿಂಗಳಾಗುವಷ್ಟರಲ್ಲಿ ಓಣಿಯ ಹವೆ ಬದಲಾಯಿತು.

"ನಿನ್ನೆ ನಮ್ಮ ಯೋಗಿ ಹಾಲು ಉಕ್ಕೂದಕ್ಕಿಂತ ಮೊದಲ ಗ್ಯಾಸ್ ಆರಿಸಿದಾ ರೀ," ಎಂದಳು ಯೋಗಿಯ ತಾಯಿ ನೀಲಕ್ಕ, ಮಲ್ಲಿಗೆ ಮಾಲೆ ಕಟ್ಟುತ್ತಿದ್ದ ಕೈ ನಿಲ್ಲಿಸದೆ. "ನಾ ಗಾಬರಿಯಾಗಿ ಹಣಿ ಮುಟ್ಟಿ ನೋಡಿದೆ. ಜ್ವರ ಇರಲಿಲ್ಲ."

ಕುಮುದಾ ಸಂತೋಷದಿಂದ ಬರೆದುಕೊಂಡಳು. ಎದುರು ಮನೆಯ ರತ್ನವ್ವ ಹೇಳಿದ್ದನ್ನು ಮಾತ್ರ ಬರೆದುಕೊಳ್ಳಲಿಲ್ಲ. ಅವಳ ಮಗಳು ಪ್ರಯೋಗದಲ್ಲಿದ್ದಳೇ ಹೊರತು ಗಂಡ ಗುರಪ್ಪ ಇರಲಿಲ್ಲ.

"ಡಾಕ್ಟರಬಾಯಾರ, ನಮ್ಮನಿಯವರು ನಿನ್ನೆ ನಾ ಹೇಳಿದ್ದನ್ನ ಪೂರಾ ಕೇಳಿದ್ರು. ನಡುವ ಹೂಂ ಅನ್ನಲಿಲ್ಲ, ಪೇಪರ್ ತಗೀಲಿಲ್ಲ. ಕೇಳಿ ಮುಗಿಸಿ, 'ಹಂಗಾದ್ರ ನಿನ್ನ ತಂಗಿದ ತಪ್ಪಿಲ್ಲ ಬಿಡು' ಅಂದ್ರು. ಇಪ್ಪತ್ತು ವರ್ಷದಾಗ ಇದ ಮೊದಲು. ಏನೋ ತಪ್ಪ ಮಾಡ್ಯಾರ್ರಿ ಅವರು. ಖರೇನ ನನಗ ಹೆದರಿಕಿ ಬಂದೈತಿ."

ಓಣಿಯ ತುದಿಯಲ್ಲಿ ಕ್ಷೌರದ ಬಾಬಣ್ಣ ಮೌನಿಯಾಗಿದ್ದ. ಮೊದಲು ಕತ್ತರಿಗಿಂತ ನಾಲಿಗೆಯನ್ನೇ ಹೆಚ್ಚು ಆಡಿಸುತ್ತಿದ್ದವನು ಈಗ ಪ್ರತಿ ಕೂದಲನ್ನೂ ಪರಿಚಯ ಮಾಡಿಕೊಂಡು ಕತ್ತರಿಸುತ್ತಿದ್ದ. ಕಟಿಂಗ್ ಬಹಳ ಚೆನ್ನಾಗಿ ಆಗುತ್ತಿತ್ತು, ಊರ ಸುದ್ದಿ ಸಿಗುತ್ತಿರಲಿಲ್ಲ, ಗಿರಾಕಿಗಳು ಗೊಣಗಿದರು. ಸಂಜೆ ಧಾರಾವಾಹಿ ನೋಡುತ್ತಿದ್ದ ಹೆಂಗಸರಿಗೆ, ನಾಯಕಿ ಅದೇ ಮೆಟ್ಟಿಲನ್ನು ಒಂದು ವಾರದಿಂದ ಇಳಿಯುತ್ತಿದ್ದಾಳೆಂಬುದು ಥಟ್ಟನೆ ಕಾಣಿಸಿತು. ಅವರು ಟೀವಿ ಆರಿಸಿ ಕಟ್ಟೆಗೆ ಬಂದು ಕೂತರು. ಗಟಾರದ ಬಗ್ಗೆ ಭಾಷಣ ಮಾಡಲು ಬಂದ ವಾರ್ಡಿನ ಸದಸ್ಯರ ಗತಿ ಇನ್ನೂ ಕೆಟ್ಟದಾಯಿತು. ಜನ ಕಡೆಯವರೆಗೂ ಕೇಳಿದರು. ಮುಗಿದ ಮೇಲೆ ಗುರಪ್ಪ ಎದ್ದು ನಿಂತು, "ಸಾಹೇಬ್ರ, ಎರಡನೇ ಮಾತು ಅಂದ್ರಿ, ನಾಕನೇದು ಅಂದ್ರಿ. ಮೂರನೇದು ಯಾವದು?" ಎಂದ. ಸದಸ್ಯರು ಆವತ್ತಿನಿಂದ ಈ ಓಣಿಗೆ ಬಂದರೆ ನೇರವಾಗಿ ಗಟಾರವನ್ನೇ ನೋಡುತ್ತಿದ್ದರು.

ಕುಮುದಾ ನಕ್ಕು ನಕ್ಕು ಸುಸ್ತಾಗಿ ಡಬ್ಬಿಗಳನ್ನು ಜೀಪಿಗೇರಿಸಿದಳು. ಗುರಪ್ಪ, ಬಾಬಣ್ಣ, ಧಾರಾವಾಹಿಯ ಹೆಂಗಸರು, ಯಾರೂ ಅವಳ ನಲವತ್ತರಲ್ಲಿ ಇರಲಿಲ್ಲವಲ್ಲ.

*

ಆರು ತಿಂಗಳ ಕೊನೆಗೆ ಸಂಸ್ಥೆಯ ನಿಯಂತ್ರಣ ಕೊಠಡಿಯ ಗೋಡೆಯಗಲದ ಪರದೆಯ ಮೇಲೆ ಗಮನದ ಪರೀಕ್ಷೆಯ ಸರಾಸರಿ ತೋರಿಸುವ ಎರಡು ಗೆರೆಗಳು ಮೂಡಿದವು. ಒಂದು ಕೆಂಪು, ಒಂದು ನೀಲಿ. ಎರಡೂ ಕೆಳಗಿನಿಂದ ಹೊರಟು, ಕೈ ಕೈ ಹಿಡಿದುಕೊಂಡು ಮೇಲೇರಿ ಅಕ್ಕತಂಗಿಯರ ಹಾಗೆ ಒಟ್ಟಿಗೆ ನಿಂತಿದ್ದವು.

ಕುಮುದಾ ಎದ್ದು ಪರದೆಯ ಹತ್ತಿರ ಹೋದಳು. ಒಂದು ಗುಂಪು ಮೇಲೇರಿ ಇನ್ನೊಂದು ಅಲ್ಲೇ ಉಳಿದಿದ್ದರೆ ಕೆ-೧೭ ಗೆದ್ದ ಹಾಗೆ. ಎರಡೂ ಏರಿದರೆ?

"ಎರಡೂ ಏರಿದ್ರ ನಿಮ್ಮ ಹುಳದಿಂದ ಏನೂ ಆಗಿಲ್ಲ ಅಂತ ಅರ್ಥ," ಎಂದರು ಗಲಗಲಿಯವರು. ಹೆಸರಿನಲ್ಲೇ ಗಲಗಲ ಇದ್ದರೂ ಅವರದು ಸದಾ ಮೆಲುದನಿ. ಹೆಬ್ಬೆರಳು ಮೊಬೈಲಿನ ಮೇಲೆ ಜಾರುತ್ತಲೇ ಇತ್ತು. "ಏನೋ ವಿಶೇಷ ಮೊಸರು ತಿಂತೇವಿ ಅನ್ನೋ ನಂಬಿಕಿಯಿಂದನ ಸುಧಾರಿಸ್ಯಾರ. ಮುಂದಿನ ತಿಂಗಳು ಸಮಿತಿಯವರು ಬರ್ತಾರ. ಮುಚ್ಚೋಣು."

"ಸರ್, ನಂಬಿಕಿ ಇಷ್ಟು ದಿನ ಬಾಳಂಗಿಲ್ಲ. ಅಂದ್ರ ಏನಪಾ ಅಂದ್ರ, ಎರಡು ವಾರ ಏರಿ ಇಳಿಬೇಕಿತ್ತು. ಇದು ಇಳಿದೇ ಇಲ್ಲ…"

"ಹೂಂ, ಹೂಂ. ಛಲೋ ಅದ." ಗಲಗಲಿಯವರು ಯಾವುದೋ ಫೋಟೋಕ್ಕೆ ಹೆಬ್ಬೆರಳು ಎತ್ತಿದರು. ಆಮೇಲೆ ಎಚ್ಚರಾಗಿ, "ಏನಂದ್ರಿ? ನೋಡ್ರಿ ಕುಮುದಾ, ಸಮಿತಿಯವರು ಮೊಸರಾಗ ಕಲ್ಲು ಹುಡುಕೋ ಮಂದಿ. ನೀವು ಕಲ್ಲಾಗ ಮೊಸರು ಹುಡುಕ್ಲಿಕ್ಕತ್ತೀರಿ."

ಪ್ರಯೋಗ ಮುಚ್ಚುವುದೆಂದರೆ ಕೆ-೧೭ರ ಬಾಟಲಿಗಳೆಲ್ಲ ಹಬೆಯ ಪೆಟ್ಟಿಗೆಗೆ ಹೋಗುತ್ತವೆ. ಒಳಗಿನ ಜೀವಿಗಳು ಇಡ್ಲಿಯಂತೆ ಬೆಂದು ಸಾಯುತ್ತವೆ. ಐದು ವರ್ಷ ಅವಳು ಕಣ್ಣಿಗೆ ಕಾಣದ ಒಂದು ಜೀವಿಯನ್ನು ಸಾಕಿದ್ದಳು. ಒಮ್ಮೆ ಸೋತಿತೆಂಬ ಹೆಸರು ಬಂದರೆ ಅದನ್ನು ಇನ್ನಾರೂ ಮುಟ್ಟುವುದಿಲ್ಲ. ಯೋಗಿಯಂಥ ಹುಡುಗರು ಊರೂರಿನಲ್ಲಿ ಮೂರನೇ ಪ್ರಶ್ನೆಯಲ್ಲೇ ಉಳಿದುಬಿಡುತ್ತಾರೆ.

*

ಕೊನೆಯ ಸಂದರ್ಶನಕ್ಕೆ ಯೋಗಿ ಬಂದ. ಬಂದವನು ಕುರ್ಚಿಯ ಮೇಲೆ ಕೂತ, ಕೂತೇ ಇದ್ದ.

"ಬ್ಯಾರೆ ಮನಿ ಮೊಸರು ಉಂಡಿಯೇನೋ?"

"ಇಲ್ರಿ."

"ನಿಮ್ಮನಿ ಮೊಸರು ಯಾರಿಗರೆ ಕೊಟ್ಟೀರೇನು?"

"ದೇವರಾಣಿ ಇಲ್ರಿ. ಆ ವಿಷಯದಾಗ ನಮ್ಮವ್ವ ಪೊಲೀಸರಿಗಿಂತ ಸ್ಟ್ರಿಕ್ಟ್."

ಕುಮುದಾ ಪೆನ್ನು ಕೆಳಗಿಟ್ಟಳು. ಎಲ್ಲ ಮನೆಯವರ ಉತ್ತರವೂ ಇದೇ. ಅವಳ ಮುಖ ನೋಡಿ ಯೋಗಿ ಮುಂದಕ್ಕೆ ಬಾಗಿದ.

"ಅಕ್ಕಾರ, ಭಾಳ ಬ್ಯಾಸರಾಗೇತಿ ನಿಮಗ. ಒಂದು ಹೊಸಾ ಐಟಂ ಮಾಡೀನಿ, ಕೇಳ್ರಿ. ಮೊದಲೆಲ್ಲಾ ಒಬ್ಬೊಬ್ಬರದು ಎರಡೆರಡು ಮಾತು ಅಷ್ಟ ಬರ್ತಿತ್ತು. ಇದು ಪೂರಾ ಐತಿ. ಹೆಸರು, 'ನಮ್ಮನಿ ಸಂಜಿ'."

ಅವನು ಕಣ್ಣು ಮುಚ್ಚಿದ. ಮೊದಲು ಗೇಟು ಕಿರುಗುಟ್ಟಿತು. ಹಾಲಿನ ಪಾತ್ರೆಯ ಮೇಲೆ ತಟ್ಟೆ ಮುಚ್ಚಿದ ಸದ್ದಾಯಿತು. ಆಮೇಲೆ ರತ್ನವ್ವ, ಉಸಿರು ಸಮೇತ, ಮೊಣಕಾಲ ನೋವಿನ ಸಮೇತ ಬಂದಳು: "ನೀಲಕ್ಕಾ, ಒಂದ್ ಚಮಚಾ ಹೆಪ್ಪು ಕೊಡವಾ, ನಮ್ಮನಿದು ಚಳಿಗೆ ನೀರಾಗಿ ಕುಂತೈತಿ." ನೀಲಕ್ಕನ ದನಿ: "ಲಗೂನ ತಗೋ, ದೀಪ ಹಚ್ಚಿದ ಮ್ಯಾಲೆ ಕೊಡಾಕ ಬರಂಗಿಲ್ಲ." ಬಟ್ಟಲಿಗೆ ಚಮಚ ಬಡಿದ ಸದ್ದು. ಹಿಂದೆಯೇ ಬಾಬಣ್ಣನ ಹೆಂಡತಿ, ಅವಳ ಕಂಕುಳಲ್ಲಿನ ಕೂಸು, ಕೂಸಿನ ಕೈಯ ಗಿಲಕಿ. ಆಕೆಗೂ ಒಂದು ಚಮಚ ಹೆಪ್ಪು. ಮಡಿವಾಳಪ್ಪನ ಹೆಂಡತಿ ಬಂದು ತನ್ನ ಗಂಡನ ಜೀಪಿನ ಬಗ್ಗೆ ಗೊಣಗಿ, ನಿನ್ನೆ ಒಯ್ದ ವಾಟಗದಲ್ಲಿ, ಅದೇ ಪುಟ್ಟ ಬಟ್ಟಲಿನಲ್ಲಿ, ತಮ್ಮ ಮನೆಯ ಮೊಸರು ಒಂದಿಷ್ಟು ಹಾಕಿ ಹಿಂದಿರುಗಿಸಿದಳು. ಕುಮುದಾ ತನ್ನ ದುಃಖ ಮರೆತು ನಗುತ್ತಿದ್ದವಳು ಒಮ್ಮೆಲೇ ಕೈ ಎತ್ತಿದಳು.

"ತಡಿ. ಹಿಂದಕ್ಕ ಹೋಗು."

ಯೋಗಿ ಟೇಪು ಹಿಂದಕ್ಕೆ ಸುತ್ತುವ ಸದ್ದನ್ನು ಬಾಯಲ್ಲೇ ಮಾಡಿ ರತ್ನವ್ವನಿಂದ ಶುರು ಮಾಡಿದ. "ಒಂದ್ ಚಮಚಾ ಹೆಪ್ಪು ಕೊಡವಾ…"

"ಇಲ್ಲೇ. ಇಲ್ಲೇ ನಿಲ್ಲಸು. ಮೊಸರು ಯಾರಿಗೂ ಕೊಟ್ಟಿಲ್ಲ ಅಂದೀ?"

"ಮೊಸರು ಎಲ್ಲಿ ಕೊಟ್ಟೇವ್ರಿ? ಹೆಪ್ಪು ಕೊಟ್ಟೇವಿ."

"ಹೆಪ್ಪು ಅಂದ್ರ ಮೊಸರ ಅಲ್ಲೇನೋ?"

"ಹೆಂಗ ಆಕ್ಕೈತ್ರಿ?" ಯೋಗಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಮೊಸರು ಉಣ್ಣೂದು. ಹೆಪ್ಪು ಕೇಳೂದು. ಕೇಳಿದವರಿಗೆ ಹೆಪ್ಪು ಇಲ್ಲ ಅಂದ್ರ ಓಣ್ಯಾಗ ಮಾರಿ ತೋರಸಾಕ ಆಕ್ಕೈತೇನು? ನಮ್ಮದು ಹುಳಿಯಾದ್ರ ನಾವೂ ಅವರ ಕಡೆ ತರ್ತೀವಿ. ವಾಟಗಾ ಬರಿದ ವಾಪಸ್ ಕೊಡಬಾರದಲ್ರಿ, ಅದಕ್ಕ ಮರುದಿನ ಒಂದ್ ಚಮಚಾ ಹಾಕಿ ಕೊಡೂದು."

ಕುಮುದಾ ಕುರ್ಚಿಗೊರಗಿದಳು. ಅವಳ ತಾಯಿಯೂ ಹೀಗೆಯೇ ಕೊಡುತ್ತಿದ್ದಳು. ಚಿಕ್ಕವಳಿದ್ದಾಗ ವಾಟಗ ಹಿಡಿದು ಪಕ್ಕದ ಮನೆಗೆ ಓಡುತ್ತಿದ್ದವಳು ಇವಳೇ. ನಿಯಮ ಬರೆಯುವಾಗ ಅವಳಿಗೂ ಹೊಳೆದಿರಲಿಲ್ಲ, ಯಾಕೆಂದರೆ ಅವಳ ಮಟ್ಟಿಗೂ ಹೆಪ್ಪು ಮೊಸರಾಗಿರಲಿಲ್ಲ. ಕೆಂಪು ಬಾಟಲಿ, ನೀಲಿ ಬಾಟಲಿ ಎಂದು ಅವಳು ಮಾಡಿದ ಪಾಲು ಆರು ತಿಂಗಳಿಂದ ದಿನಾ ಸಂಜೆ ದೀಪ ಹಚ್ಚುವ ಮೊದಲು ಓಣಿಯುದ್ದಕ್ಕೂ ಕಲಸಿಹೋಗುತ್ತಿತ್ತು. ಗುರಪ್ಪನ ಕಿವಿ, ಬಾಬಣ್ಣನ ಕತ್ತರಿ, ಸದಸ್ಯರ ಮೂರನೆಯ ಮಾತು, ಎಲ್ಲವೂ ಅವಳ ಕಣ್ಣ ಮುಂದೆ ಬಂದು ಕೂತವು.

"ಯೋಗಿ, ಸರಿಯಾಗಿ ನೆನಪು ಮಾಡಿಕೊಂಡು ಹೇಳು. ಓಣ್ಯಾಗ ಹೆಪ್ಪು ಕೇಳಾಕ ಬರಲಾರದವರು ಯಾರರೆ ಅದಾರೇನು?"

ಯೋಗಿಯ ಮುಖದ ಬೆಳಕು ಆರಿತು. "ಮೂಲಿಮನಿ ದಾಕ್ಷಾಯಣಿ ಟೀಚರ್."

"ಯಾಕ?"

"ನನ್ನಿಂದ ರೀ." ಅವನು ತನ್ನ ಉಗುರು ನೋಡಿಕೊಂಡ. "ಎರಡು ವರ್ಷದ ಹಿಂದ ಗಣಪತಿ ಪೆಂಡಾಲದಾಗ ಮೈಕ್ ಸಿಕ್ಕಿತ್ತು. ಅವರ ಮೂಗಿನ ದನಿ ಮಾಡಿದೆ. ಓಣಿಗೆ ಓಣಿನ ನಕ್ತು. ಟೀಚರ್ ಎದ್ದು ಹೋದ್ರು. ಅವತ್ತಿನಿಂದ ಅವರ ವಾಟಗಾ ಹೊರಗ ಬಂದಿಲ್ಲ, ನಮ್ಮದು ಒಳಗ ಹೋಗಿಲ್ಲ."

ಟೀಚರ ಮಗಳು ವೈಭವಿಯೂ ಪ್ರಯೋಗದಲ್ಲಿದ್ದಳು. ನೀಲಿ ಮುಚ್ಚಳ. ಕುಮುದಾ ನಿಯಂತ್ರಣ ಕೊಠಡಿಗೆ ಓಡಿ ಸರಾಸರಿಯ ಗೆರೆಗಳನ್ನು ಅಳಿಸಿ ನಲವತ್ತು ಗೆರೆಗಳನ್ನೂ ಬೇರೆ ಬೇರೆಯಾಗಿ ಬಿಡಿಸಿದಳು. ಮೂವತ್ತೊಂಬತ್ತು ಮೇಲೇರಿದ್ದವು. ಒಂದು ಮಾತ್ರ ಕೆಳಗೆ ಮಲಗಿತ್ತು.

*

ಡಬ್ಬಿಗಳು ಮತ್ತೆ ಸುತ್ತಿದವು. ಈ ಸಲ ಗುರಪ್ಪನೂ ಬಾಬಣ್ಣನೂ ಕೊಟ್ಟರು. ಬಾಬಣ್ಣನಂತೂ ಡಬ್ಬಿಯ ಮೇಲಿನ ಸೂಚನೆಗಳನ್ನು ಪೂರ್ತಿ ಓದಿ, ಒಂದು ಅಕ್ಷರದೋಷವನ್ನೂ ಹುಡುಕಿಕೊಟ್ಟ. ಯಂತ್ರ ಎಲ್ಲವನ್ನೂ ಶೋಧಿಸಿ ಹೇಳಿತು: ಕೆ-೧೭ ಇಡೀ ಓಣಿಯ ಹೊಟ್ಟೆಯಲ್ಲಿದೆ, ಮೂಲೆಮನೆಯೊಂದನ್ನು ಬಿಟ್ಟು.

ಆ ಮನೆಗೆ ಡಬ್ಬಿ ತರಲು ಹೋದಾಗ ವೈಭವಿ ಬಾಗಿಲಿಗೆ ಬಂದಳು. ಒಂದು ಕಾಲಿಗೆ ಬಿಳಿ ಕಾಲುಚೀಲ, ಒಂದಕ್ಕೆ ಕರಿಯದು. ಒಳಗೆ ಮೇಜಿನ ಮೇಲೆ ಅರ್ಧ ಓದಿದ ಪುಸ್ತಕ, ಅರ್ಧ ಬಿಡಿಸಿದ ಚಿತ್ರ, ಅರ್ಧ ಸುಲಿದ ಕಿತ್ತಳೆ.

"ಅಕ್ಕಾ, ಎಲ್ಲಾರೂ ಸುಧಾರಿಸ್ಯಾರ," ಎಂದಳು. "ನಾ ಏನರೆ ತಪ್ಪು ಉಣ್ಣಾಕತ್ತೀನೇನು?"

ಕುಮುದಾ ಅವಳ ತಲೆ ಸವರಿ, "ನಿನ್ನ ತಪ್ಪು ಏನೂ ಇಲ್ಲವ್ವ" ಎಂದಳಷ್ಟೆ. ಅದಕ್ಕಿಂತ ಹೆಚ್ಚು ಹೇಳುವ ಹಾಗಿರಲಿಲ್ಲ.

ಸಮಿತಿ ಬಂತು. ಗುಟ್ಟು ಒಡೆಯಿತು: ಕೆ-೧೭ ಇದ್ದದ್ದು ಕೆಂಪು ಬಾಟಲಿಯಲ್ಲಿ. ಸಾದಾ ನೀಲಿ ಉಂಡವರ ಹೊಟ್ಟೆಗೆ ಅದು ಹೋದದ್ದು ಹೆಪ್ಪಿನ ದಾರಿಯಿಂದ. ಕುಮುದಾ ಒಂದು ಗಂಟೆ ಮಾತಾಡಿದಳು, ಅರ್ಧ ಗಂಟೆ 'ಅಂದ್ರ ಏನಪಾ ಅಂದ್ರ' ಎಂದಳು. ಸಮಿತಿಯ ಅಧ್ಯಕ್ಷರು ಕನ್ನಡಕ ಒರೆಸಿಕೊಂಡು, ಒಂದು ಮನೆಯನ್ನು ನೆಚ್ಚಿ ಹೌದೆನ್ನಲಾಗದು, ಇಷ್ಟು ಕಂಡ ಮೇಲೆ ಇಲ್ಲವೆನ್ನಲೂ ಆಗದು ಎಂದರು. ಇನ್ನು ಮೂರು ತಿಂಗಳು ಸಮಯ. ಒಂದು ಷರತ್ತು: ಹೋಲಿಕೆಗೆ ಉಳಿದಿರುವುದು ಆ ಮೂಲೆಮನೆ ಒಂದೇ. ಅದು ಇದ್ದ ಹಾಗೇ ಇರಬೇಕು. ಅದೂ ಕಲಸಿಹೋಯಿತೆಂದರೆ ಬಾಟಲಿಗಳು ಹಬೆಯ ಪೆಟ್ಟಿಗೆಗೆ.

ಕುಮುದಾ ಮನೆಮನೆಗೆ ಹೋಗಿ ಕೈಮುಗಿದು ಹೇಳಿಬಂದಳು. "ಮೂರು ತಿಂಗಳು ಟೀಚರ ಮನಿಗೆ ಹೆಪ್ಪು ಕೊಡಬ್ಯಾಡ್ರಿ."

"ಅವರು ಬಂದ್ರಲ್ಲ ಕೊಡೂದು," ಎಂದಳು ನೀಲಕ್ಕ.

*

ಧಾರವಾಡದಲ್ಲಿ ಚಳಿ ಬಲಿಯಿತು. ಮೊಸರಿನ ಪಾತ್ರೆಗಳು ಜೋಳದ ಹಿಟ್ಟಿನ ಡಬ್ಬಿಯೊಳಗೆ ಬೆಚ್ಚಗೆ ಮಲಗತೊಡಗಿದವು. ಒಂದು ಸಂಜೆ ಕುಮುದಾ ನೀಲಕ್ಕನ ಮನೆಯ ಪಡಸಾಲೆಯಲ್ಲಿ ಚಹಾ ಕುಡಿಯುತ್ತ, ಓಣಿಯಲ್ಲಿ ಯಾರಿಂದ ಯಾರಿಗೆ ಹೆಪ್ಪು ಹೋಗುತ್ತದೆಂದು ಯೋಗಿಯ ಬಾಯಿಂದ ನಕ್ಷೆ ಬಿಡಿಸಿಕೊಳ್ಳುತ್ತಿದ್ದಳು. ಗೇಟು ಕಿರುಗುಟ್ಟಿತು. ಯೋಗಿಯ ಬಾಯಿಯಿಂದಲ್ಲ, ನಿಜವಾಗಿಯೇ.

ಬಾಗಿಲಲ್ಲಿ ದಾಕ್ಷಾಯಣಿ ಟೀಚರ್ ನಿಂತಿದ್ದರು. ಇಸ್ತ್ರಿ ಮಾಡಿದ ಸೀರೆ, ನೆಟ್ಟಗಿನ ಬೆನ್ನು. ಕೈಯಲ್ಲಿ ಒಂದು ಸ್ಟೀಲಿನ ವಾಟಗ.

"ಒಂದು ಚಮಚಾ ಹೆಪ್ಪು ಇದ್ರ ಬೇಕಾಗಿತ್ತು," ಎಂದರು. ಅದೇ ಮೂಗಿನ ದನಿ. "ವೈಭವಿ ನಿನ್ನೆ ಪುಸ್ತಕ ಹರದು ಹಾಕಿ ಅತ್ತಳು. ಇಡೀ ಓಣಿಗೆ ಆಗಿದ್ದು ನನಗಷ್ಟ ಯಾಕ ಆಗಿಲ್ಲವ್ವಾ ಅಂತ ಕೇಳಿದಳು. ಯಾಕಂತ ನನಗ ಗೊತ್ತಿತ್ತು."

ನೀಲಕ್ಕನ ಕೈಯಲ್ಲಿ ಮಾಲೆ ನಿಂತಿತು. ಅವಳು ಟೀಚರನ್ನು ನೋಡಿದಳು, ಆಮೇಲೆ ಕುಮುದಾಳನ್ನು ನೋಡಿದಳು. ಕುಮುದಾ ಚಹಾದ ಕಪ್ಪನ್ನು ನೋಡಿದಳು. ಬೇಡ ಎನ್ನಬೇಕಾದದ್ದು ಅವಳು. ಒಂದೇ ಮಾತು. ಆ ವಾಟಗ ತುಂಬಿ ಹೊರಬಿದ್ದರೆ ಐದು ವರ್ಷ ಅದರ ಜೊತೆಗೇ ಗೇಟು ದಾಟುತ್ತದೆ.

ಅಷ್ಟರಲ್ಲಿ ಯಾರೋ ಮಾತಾಡಿದರು.

"ಟೀಚರ್, ಅವತ್ತು ನಾನು ನಿಮ್ಮ ಮೂಗು ಅಷ್ಟ ಕೇಳಿದ್ದೆ. ನೀವು ಏನು ಹೇಳಾಕತ್ತಿದ್ರಿ ಅಂತ ಕೇಳಿರಲಿಲ್ಲ. ನನಗ ಗಣಿತ ಹೇಳಿಕೊಡತೀನಿ, ಮನಿಗೆ ಬಾ ಅಂತ ಕರದಿದ್ರಿ. ಅದರಾಗ ನಗುವಂಥಾದ್ದು ಏನೂ ಇರಲಿಲ್ಲ. ತಪ್ಪಾತು."

ಮೆತ್ತಗಿನ, ತುಸು ಒಡಕು ದನಿ. ಕುಮುದಾ ತಲೆಯೆತ್ತಿ ಸುತ್ತ ನೋಡಿದಳು. ಯೋಗಿಯೇ ಬಾಗಿಲ ಹತ್ತಿರ ನಿಂತಿದ್ದ. ಅವನ ಬತ್ತಳಿಕೆಯ ದನಿಗಳೆಲ್ಲ ಅವಳಿಗೆ ಪರಿಚಯ. ಇದು ಯಾರದೆಂದು ಗುರುತು ಹತ್ತಲಿಲ್ಲ.

"ಯಾರ ದನಿರೀ ಅದು?" ಎಂದು ನೀಲಕ್ಕನ ಕಿವಿಯಲ್ಲಿ ಕೇಳಿದಳು.

ನೀಲಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವಂದ ರೀ. ನಾನೂ ಕೇಳಿ ಭಾಳ ದಿವಸ ಆಗಿತ್ತು."

ಹೊರಗೆ ಬೆಳಕು ಇಳಿಯುತ್ತಿತ್ತು. ಇನ್ನೇನು ದೀಪ ಹಚ್ಚುವ ಹೊತ್ತು. ಕುಮುದಾ ಕಪ್ಪು ಕೆಳಗಿಟ್ಟು ಎದ್ದಳು.

"ನೀಲಕ್ಕಾ, ಲಗೂ ಮಾಡ್ರಿ," ಎಂದಳು. "ಎರಡು ಚಮಚಾ ಹಾಕ್ರಿ. ತಡಾ ಆಗೇತಿ."

ವಾಟಗ ತುಂಬಿತು. ಗೇಟಿನ ತನಕ ಹೋದ ಟೀಚರ್ ಅಲ್ಲೇ ತಿರುಗಿ ನಿಂತರು.

"ಶಿವಯೋಗಿ, ನನ್ನ ದನಿ ಇನ್ನೂ ಬರ್ತದ ನಿನಗ?"

"ಇನ್ನ ಮಾಡಂಗಿಲ್ಲ ಟೀಚರ್."

"ಮಾಡು. ಆದ್ರ ಈ ಸಲ ಪೂರಾ ಕೇಳಿ ಮಾಡು. ನಾಳಿ ಐದಕ್ಕ ಬಾ. ಗಣಿತದ ಪುಸ್ತಕ ತಗೊಂಡು."

*

ಜೀಪಿನಲ್ಲಿ ಕೂತು ಕುಮುದಾ ಗಲಗಲಿಯವರಿಗೆ ಫೋನು ಮಾಡಿದಳು. ತಪ್ಪೊಪ್ಪಿಗೆಯನ್ನು ಬೇಗ ಮುಗಿಸಿಬಿಡುವುದು ಅವಳ ಉದ್ದೇಶ. ಹೇಳುತ್ತ ಹೇಳುತ್ತ ಅವಳಿಗೇ ಇನ್ನೊಂದು ಹೊಳೆಯಿತು.

"ಸರ್, ಮೂಲಿಮನಿ ಹೋತು. ಹೋಲಿಕಿಗೆ ಈಗ ಏನೂ ಉಳಿದಿಲ್ಲ. ಆದ್ರ ಹಂಗ ನೋಡಿದ್ರ ಉಳದೈತಿ ಸರ್. ವೈಭವಿ ಗೆರಿ ಇಷ್ಟು ತಿಂಗಳು ನೆಲಾ ಹಿಡದು ಮಲಗಿತ್ತು. ಇವತ್ತಿನ ತಾರೀಖು ನಮಗ ಗೊತ್ತೈತಿ. ಇವತ್ತಿಂದ ಅದು ಎದ್ರ, ಆ ಹುಡುಗಿಗೆ ಆ ಹುಡುಗಿನ ಹೋಲಿಕಿ. ಮಲಗಿದ ಗೆರಿಗಿಂತ ಎದ್ದ ಗೆರಿ ಹೆಚ್ಚು ಹೇಳ್ತೈತಿ."

ಆ ಕಡೆಯಿಂದ ಹೂಂ ಬರಲಿಲ್ಲ. ಛಲೋ ಅದ ಎಂಬುದೂ ಬರಲಿಲ್ಲ. ಫೋನು ಕಟ್ಟಾಯಿತೆಂದುಕೊಂಡಳು.

"ಕುಮುದಾ," ಗಲಗಲಿಯವರು ನಿಧಾನವಾಗಿ ಹೇಳಿದರು, "ನೀವು ಹೇಳಿದ್ದು ಪೂರಾ ಕೇಳಿದೆ. ಎರಡು ಸಂಗತಿ. ಒಂದು, ಇವತ್ತು ಹೆಪ್ಪು ಹಾಕೋದಕ್ಕಿಂತ ಮುಂಚೆ ಆಕಿ ಮಾದರಿ ತಗೋರಿ, ಇಲ್ಲಾಂದ್ರ ಸಮಿತಿ ಒಪ್ಪೂದಿಲ್ಲ. ಎರಡು, ಮುಂದಿನ ಪ್ರಯೋಗದಾಗ ಹೆಪ್ಪು ಕೊಡಬ್ಯಾಡ್ರಿ ಅಂತ ಜನರ ಜೊತಿ ಗುದ್ದಾಡೋದು ಬ್ಯಾಡ. ಒಂದು ಓಣಿಗೆ ಓಣಿನ ಕೆಂಪು, ದೂರದ ಇನ್ನೊಂದು ಓಣಿಗೆ ಓಣಿನ ನೀಲಿ. ಡೀಸೆಲ್ ಖರ್ಚು ಆದ್ರ ಆಗಲಿ. ಸಮಿತಿಗೆ ನಾ ಮಾತಾಡ್ತೀನಿ."

ಇಷ್ಟು ವರ್ಷಗಳಲ್ಲಿ ಆ ಮನುಷ್ಯ ಅವಳ ಒಂದು ವಾಕ್ಯವನ್ನೂ ಕೊನೆಯವರೆಗೆ ಕೇಳಿದ್ದಿಲ್ಲ.

"ಸರ್," ಎಂದಳು, "ಒಂದು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮನಿ ಮೊಸರು ಹೆಂಗ ಆಗೇತಿ ಈಗ?"

"ಯಾಕ? ಬೆಸ್ಟ್ ಆಗ್ಯದ. ಚಳಿಗೆ ಕೂಡಲಿಕ್ಕೇ ಒಲ್ಲೆ ಅಂತಿತ್ತು. ಹೋದ ತಿಂಗಳು ನಮ್ಮಾಕಿ ಎಲ್ಲಿಂದಲೋ ಒಂದು ವಾಟಗಾ ಹೆಪ್ಪು ತರಿಸಿದ್ಲು."

ಕುಮುದಾ ಮುಂದಿನ ಸೀಟನ್ನು ನೋಡಿದಳು. ಕನ್ನಡಿಯಲ್ಲಿ ಮಡಿವಾಳಪ್ಪ ತುಟಿ ಬಿಗಿಹಿಡಿದು, ಬಹಳ ಗಮನವಿಟ್ಟು ರಸ್ತೆ ನೋಡುತ್ತಿದ್ದ.

"ಮಡಿವಾಳಪ್ಪಾ, ಗಾಡಿ ತಿರುಗಿಸು," ಎಂದಳು ಅವಳು. "ಮೂಲಿಮನಿಗೆ ಹೋಗೂಣು. ಅಕಿ ಉಣ್ಣೂದಕ್ಕಿಂತ ಮೊದಲ ಡಬ್ಬಿ ಕೊಡಬೇಕು."